ನಮ್ಮ ಸುಶೀಂದ್ರನ ಶಿಲಾಶಾಸನ

ಮೂವತ್ನಾಲ್ಕು ವರ್ಷ ನಾ ಟಪಾಲು ಕಚೇರಿಯೊಳಗ ಕೂತು ಮಂದಿಯ ತಂತಿ, ಕಾಗದ ನೋಡಿದಾಕಿ. ಅಷ್ಟು ವರ್ಷದಾಗ ಕಲ್ತದ್ದು ಒಂದ: ಹೇಳೂದನ್ನ ನಾಲ್ಕು ಶಬ್ದದಾಗ ಹೇಳಿ ಮುಗಸಬೇಕು. "ಅಜ್ಜಿ ಹೋದಳು, ಕೂಡಲೇ ಬಾ" ಅಂತ ತಂತಿ ಕೊಟ್ರ ಸಾಕು, ಬರಾವರು ಬರ್ತಾರ. ಇಷ್ಟು ಸಣ್ಣ ಮಾತು ನನ್ನ ತಮ್ಮ ಸುಶೀಂದ್ರಗ ಅರವತ್ತೊಂದು ವರ್ಷಾದ್ರೂ ತಿಳೀಲಿಲ್ಲ. ತಿಳದಿದ್ರ ಹದಿಮೂರು ಮಂದಿ ಹೆಣ್ಮಕ್ಕಳ ಪಾಪ ನನ್ನ ತಲಿ ಮ್ಯಾಲೆ ಬರ್ತಿರಲಿಲ್ಲ.

ಮೊದಲಿಂದ ಹೇಳ್ತೇನಿ. ನಾನು ಗೋಪಿಕಾಬಾಯಿ, ಇರೂದು ಹಾನಗಲ್ಲಿನೊಳಗ. ಆಡೂರಿನ ದಾರಿ ಮ್ಯಾಲೆ ನಮ್ಮ ಅಪ್ಪಂದು ಹನ್ನೆರಡು ಎಕರೆ ಇತ್ತು. ಬರೇ ಕಲ್ಲು, ಕುಂಟಿ ನಡೀತಿರಲಿಲ್ಲ. ಐವತ್ತು ವರ್ಷ ಯಾರೂ ಮುಟ್ಟದ್ದಕ್ಕ ಅದು ತನ್ನ ಪಾಡಿಗೆ ತಾ ಕಾಡಾಗಿ ಬೆಳೀತು. ಮತ್ತಿ, ದಿಂಡಲ, ಸಾಗವಾನಿ, ಹೊನ್ನಿ, ನಡುನಡುವ ಬಿದಿರು. ನವಿಲು ಅದಾವ, ಕಾಡಹಂದಿ ಅದಾವ, ಮಳಿಗಾಲದಾಗ ಅಲ್ಲೊಂದು ಸಣ್ಣ ಹಳ್ಳ ಹುಟ್ಟಿ ಕೆಳಗಿನ ಬಾವಿಗಳಿಗೆಲ್ಲಾ ನೀರು ತುಂಬ್ತದ. ಬಾಜೂಕ ಚನ್ನವೀರಪ್ಪನವರ ನಾಲ್ಕು ಎಕರೆ. ಎರಡೂ ಕೂಡಿಸಿ ನಾವು ಮೂವರು ಒಂದು ಟ್ರಸ್ಟ್ ಮಾಡಿದಿವಿ. ಟ್ರಸ್ಟ್ ಅಂದ್ರ ಆ ಭೂಮಿ ಇನ್ನ ನಮ್ಮದಲ್ಲ. ಮಾರಲಿಕ್ಕೆ ಬರೂದಿಲ್ಲ, ಮಕ್ಕಳಿಗೆ ಹಂಚಲಿಕ್ಕೆ ಬರೂದಿಲ್ಲ, ಪ್ಲಾಟ್ ಹಾಕಲಿಕ್ಕೆ ಬರೂದಿಲ್ಲ, ಕಾಡಾಗಿ ಇರಬೇಕು ಅಷ್ಟ. ಸುಶೀಂದ್ರ ಅಧ್ಯಕ್ಷ, ಚನ್ನವೀರಪ್ಪನವರು ಖಜಾಂಚಿ, ನಾ ಕಾರ್ಯದರ್ಶಿ. ಕಾರ್ಯದರ್ಶಿ ಅಂದ್ರ ಎಲ್ಲಾ ಕೆಲಸಾ ಮಾಡಾಕಿ.

ಕಾಡು ಕಾಯೂದಂದ್ರ ದೂರ ನಿಂತು ಛಂದ ಅದ ಅನ್ನೂದಲ್ಲ. ವರ್ಷಾ ಹೋಳಿಗಿಂತ ಮೊದಲ ಕಾಡಿನ ಸುತ್ತ ಇಪ್ಪತ್ತು ಫೂಟು ಅಗಲ ಹುಲ್ಲು, ಕಸಾ, ಮುಳ್ಳಕಂಟಿ ಕೊಯ್ದು ನೆಲಾ ಬೋಳು ಮಾಡಬೇಕು. ಅದಕ್ಕ ಬೆಂಕಿ ಪಟ್ಟಿ ಅಂತಾರ. ಯಾಕಂದ್ರ ಆಚೀಕಡೆ ಊರ ಗಾಯರಾಣ ಅದ, ದನಾ ಮೇಯೂ ಬಯಲು. ಹೋಳಿ ಹೊತ್ತಿಗೆ ಯಾವನೋ ಒಬ್ಬ ಹೊಸಾ ಹುಲ್ಲು ಲಗೂ ಬರಲಿ ಅಂತ ಒಣಾ ಹುಲ್ಲಿಗೆ ಕಡ್ಡಿ ಕೊರದು ಹೋಗಿಬಿಡ್ತಾನ. ಹೋದ ವರ್ಷ ನಾವು ಪಟ್ಟಿ ಮಾಡೂದು ತಡಾ ಆತು, ಮೂರು ಎಕರೆ ಸುಟ್ಟು ಹೋತು. ತತ್ತಿ ಮ್ಯಾಲೆ ಕೂತ ಒಂದು ಕವುಜುಗದ ಹಕ್ಕಿ ಎದ್ದು ಹೋಗಿರಲಿಲ್ಲ. ಅದನ್ನ ನಾ ಕಣ್ಣಾರೆ ನೋಡೇನಿ, ಎರಡು ದಿನಾ ಉಂಡಿಲ್ಲ. ಈ ವರ್ಷ ಹಂಗಾಗಗೊಡೂದಿಲ್ಲ ಅಂತ ಆವತ್ತ ಆಣಿ ಮಾಡಿದೆ.

ಡಿಸೆಂಬರಿನ ಸಭಾದಾಗ ನಾವು ಠರಾವು ಮಾಡಿದ್ದು ಒಂದು ತಗಡಿನ ಬೋರ್ಡ್. "ಗಿಡಾ ಕಡಿಯಬ್ಯಾಡ್ರಿ" ಅಂತ ಎರಡು ಶಬ್ದ, ಕೆಳಗ ಟ್ರಸ್ಟಿನ ಹೆಸರು. ಸುಶೀಂದ್ರ, "ಅದನ್ನ ನನಗ ಬಿಡು ಅಕ್ಕಾ" ಅಂದ. ನಾ ಬಿಟ್ಟೆ. ನನ್ನ ತಪ್ಪು ಅಲ್ಲೇ ಆತು.

ಅವನು ಕಾಲೇಜಿನೊಳಗ ಇತಿಹಾಸ ಕಲಿಸಿ ನಿವೃತ್ತ ಆದಾಂವ. ವರ್ಷಾ ಹುಡುಗರನ್ನ ಆಡೂರಿಗೆ ಕರಕೊಂಡು ಹೋಗಿ ಹಳೇ ಶಾಸನ ತೋರಸ್ತಿದ್ದ. ಆಗಿನವರು ಭೂಮಿ ದಾನಾ ಕೊಟ್ರ ಕಲ್ಲಿನ ಮ್ಯಾಲೆ ಕೆತ್ತಸ್ತಿದ್ದರು, ಕಡೀಕ ಒಂದು ಶಾಪಾನೂ ಹಾಕ್ತಿದ್ದರು, ಈ ದಾನಾ ಕೆಡಿಸಿದಾಂವ ಅರವತ್ತು ಸಾವಿರ ವರ್ಷ ಹೇಸಿಗಿಯೊಳಗಿನ ಹುಳಾ ಆಗಲಿ ಅಂತ. ಹನ್ನೆರಡು ಎಕರೆ ಕಲ್ಲು ಬಿಟ್ಟುಕೊಟ್ಟ ದಿನದಿಂದ ನಮ್ಮ ಸುಶೀಂದ್ರಗ ತಾನೂ ಒಬ್ಬ ಚಾಲುಕ್ಯ ಅನಿಸಲಿಕ್ಕೆ ಹತ್ತಿತ್ತು.

ತಗಡಿನ ಬೋರ್ಡ್ ಬರ್ತದ ಅಂತ ನಾ ಕಾಯ್ಕೋತ ಕೂತಿದ್ರ ಗೊಟಗೋಡಿ ಕಡೆಯಿಂದ ಟ್ರ್ಯಾಕ್ಟರ್ ಬಂತು. ಅದರೊಳಗ ಆರು ಫೂಟಿನ ಕಲ್ಲು, ಕಲ್ಲಿನ ಬಾಜೂಕ ಅದನ್ನ ಕೆತ್ತಿದ ಹನುಮಂತಪ್ಪ. ಕಲ್ಲಿನ ತುದಿಗೆ ಸೂರ್ಯ, ಚಂದ್ರ. ಅವುಗಳ ಕೆಳಗ ಪ್ಯಾಂಟು ಹಾಕ್ಕೊಂಡು, ಚಸ್ಮಾ ಇಟ್ಕೊಂಡು ಒಬ್ಬ ಮನಷ್ಯಾ ಭೂಮಿ ಧಾರೆ ಎರೀಲಿಕ್ಕೆ ಹತ್ತಿದ್ದ. ಯಾರು ಅಂತ ನಾ ಕೇಳಲಿಲ್ಲ. ಅದರ ಕೆಳಗ ಬರಹ:

"ಸ್ವಸ್ತಿ. ಹಾನಗಲ್ಲ ನಿವಾಸಿ, ಇತಿಹಾಸ ವಿಶಾರದ ಸುಶೀಂದ್ರನು ಬಿಟ್ಟ ಈ ವನವು ಸೂರ್ಯಚಂದ್ರರಿರುವವರೆಗೆ ನಿಲ್ಲಲಿ. ಹಸಿ ಒಣ ಎನ್ನದೆ, ಮರ ಹುಲ್ಲು ಎನ್ನದೆ, ಇಲ್ಲಿ ಕುಡುಗೋಲು ಕೊಡಲಿ ಎತ್ತಿದವನು, ಎತ್ತಿಸಿದವನು, ಕೊಯ್ದದ್ದನ್ನು ಒಯ್ದವನು, ಒಯ್ದದ್ದನ್ನು ಮನೆಯಲ್ಲಿ ಇಟ್ಟುಕೊಂಡವನು ಅರವತ್ತು ಸಾವಿರ ವರ್ಷ ಹೇಸಿಗೆಯ ಹುಳುವಾಗಿ ಹುಟ್ಟಲಿ. ಈ ಕಲ್ಲನ್ನು ಕದಲಿಸಿದವನಿಗೆ ಇದರ ಇಮ್ಮಡಿ."

"ಇದರೊಳಗ ನನ್ನ ಪಾಲಿನ ಆರು ಎಕರೆ ಎಲ್ಲಿ ಅದಪಾ?" ಅಂತ ಕೇಳಿದೆ.

"ಜಾಗಾ ಸಾಲಲಿಲ್ಲ ಅಕ್ಕಾ."

"ಚನ್ನವೀರಪ್ಪನವರ ನಾಲ್ಕು?"

"ಶಾಸನದೊಳಗ ಮುಖ್ಯ ದಾನಿಯ ಹೆಸರಷ್ಟ ಇರ್ತದ."

"ಹೋಗಲಿ. ಹುಲ್ಲು ಯಾಕ ಹಾಕಿದಿ? ನಾವ ವರ್ಷಾ ಹುಲ್ಲು ಕೊಯಸ್ತೇವಲ್ಲೋ."

"ಓದಲಿಕ್ಕೆ ಓಟ ಬರ್ತದ. ನಿನಗ ತಿಳಿಯೂದಿಲ್ಲ ಬಿಡು."

ಕಲ್ಲು ನಿಲ್ಲಿಸಿದ ದಿವಸ ಅವನು ಲೌಡ್‌ಸ್ಪೀಕರ್ ತರಿಸಿದ್ದ. ಸುತ್ತಲಿನ ಊರಿನವರು ಬಂದಿದ್ದರು. ಹುಳಾ ಅನ್ನೂ ಕಡೆ ದನಿ ಒಂದು ನಮೂನಿ ನಡುಗಿಸಿ ಮೂರು ಸಲಾ ಓದಿದ. ಓದು ಬರದವರಿಗೂ ಬಾಯಿಪಾಠ ಆಗೂಹಂಗ ಓದಿದ. ಆ ಮಂದಿಯೊಳಗ ಆಡು ಕಾಯೂ ಮಾಳಪ್ಪನೂ ಇದ್ದ. ಅವತ್ತು ಮುಂಜಾನೆನ ಅವನು ನಮ್ಮ ಕಾಡಿನಾಗ ಆಡಿಗೆ ಅಂತ ಎರಡು ಟೊಂಗಿ ಕಡದಿದ್ದ. ಕಾರ್ಯಕ್ರಮ ಮುಗಿಸಿಕೊಂಡು ಹೋಗೂ ಮುಂದ ಅವನ ಬೈಕು ಹಳ್ಳಕ್ಕ ಬಿತ್ತು, ಹೆಗಲ ಎಲುಬು ಮುರೀತು.

ಆ ಬೈಕಿಗೆ ಎರಡು ವರ್ಷದಿಂದ ಬ್ರೇಕ್ ಇರಲಿಲ್ಲ. ಇದು ಇಡೀ ಊರಿಗೆ ಗೊತ್ತು. ಮಾಳಪ್ಪನ ಆಡಿಗೂ ಗೊತ್ತು. ಅದಕ್ಕ ಅವು ಆ ಬೈಕಿನ ಸಪ್ಪಳ ಕೇಳಿದ್ರ ದಾರಿ ಬಿಟ್ಟು ನಿಲ್ತಿದ್ದವು. ಮರುದಿನ ಮಂದಿ ನಮ್ಮ ಮನಿಗೆ ಬಂದು, "ಸರ, ಇದು ಶಾಪದ್ದೇನ್ರಿ?" ಅಂತ ಕೇಳಿದಾಗ ಸುಶೀಂದ್ರ ಬ್ರೇಕಿಂದು ಅಂತ ಒಂದು ಶಬ್ದ ಹೇಳಿದ್ರ ಮುಗೀತಿತ್ತು. ಅವನು ಚಸ್ಮಾ ತಗದು, ಪಂಜಿಗೆ ಒರಸಿ, ಮತ್ತ ಇಟ್ಕೊಂಡು, "ಕಲ್ಲಿನ ಮಾತು ಸುಳ್ಳಾಗೂದಿಲ್ಲ" ಅಂದ.

ಮೂರನೇ ದಿನದಿಂದ ಕಟಿಗಿ ಬರಲಿಕ್ಕೆ ಹತ್ತಿದವು.

ಮೊದಲು ಬಂದದ್ದು ಮಾಳಪ್ಪನ ಹೆಂಡತಿ, ಎರಡು ಟೊಂಗಿ ಹೊತಗೊಂಡು. ಆಮ್ಯಾಲೆ ಸೌದಿ ಹೊರಿ, ಬಿದಿರಿನ ಏಣಿ, ಕುಂಟಿ, ನೇಗಿಲು. ಒಯ್ದದ್ದನ್ನ ಮನ್ಯಾಗ ಇಟ್ಟುಕೊಂಡವಗೂ ಹುಳಾ ಅಂತ ಕಲ್ಲಿನ ಮ್ಯಾಲೆ ಸ್ಪಷ್ಟ ಅದಲ್ಲ. ಒಬ್ಬಾಂವ ಬಾಗಲಾ ಕಿತ್ತುಕೊಂಡು ತಂದ, ಮನಿಗೆ ಪರದೆ ಕಟ್ಟಿ ಬಂದೇನಿ ಅಂದ. ಒಬ್ಬ ಮುದುಕ ಹೊರಸು ತಂದ, ನುಲಿ ಮಾತ್ರ ತನ್ನದು ಅಂತ ನಮ್ಮ ಕಟ್ಟಿ ಮ್ಯಾಲೆ ಕೂತು ಒಂದು ತಾಸು ನುಲಿ ಬಿಚ್ಚಿಕೊಂಡು ಹೋದ. ಹಿರೇಕೆರೂರಿನಿಂದ ಒಬ್ಬ ಬಾಣಂತಿ ಬಸ್ಸಿನೊಳಗ ತೊಟ್ಟಲಾ ಕಳಿಸಿದಳು, ಇಪ್ಪತ್ತು ವರ್ಷದ ಹಿಂದ ಅದರ ಕಟಿಗಿ ನಮ್ಮ ಕಾಡಿನಿಂದ ಹೋಗಿತ್ತಂತ. ಒಬ್ಬಾಕಿ ಲಟ್ಟಣಿಗಿ ತಂದು, "ಎರಡು ದಿನಾ ರೊಟ್ಟೀನ ಬಡಿಯಾಕತ್ತೇನ್ರಿ ಬಾಯಾರ, ಚಪಾತಿ ಬಂದ್" ಅಂದಳು.

"ಒಯ್ಯವಾ ತಾಯಿ, ಲಟ್ಟಣಿಗಿಗೆ ಏನೂ ಆಗೂದಿಲ್ಲ" ಅಂದೆ.

"ಹಂಗಂತ ಬರದು ಕೊಡ್ತೀರೇನ್ರಿ?"

ಬರದು ಕೊಡ್ಲಿಕ್ಕೆ ನಾ ಯಾರು? ಆದ್ರ ವಾಪಸ್ ಕೊಟ್ಟದ್ದಕ್ಕ ಎಲ್ಲಾರೂ ಚೀಟಿ ಬೇಡಿದರು, ಮ್ಯಾಲೆ ಯಾರರ ಕೇಳಿದ್ರ ತೋರಸಬೇಕಲ್ಲ. ಮೂವತ್ನಾಲ್ಕು ವರ್ಷದ ಚಟಾ, ಚೀಟಿ ಕೊಡದ ನಾ ಏನೂ ತಗೊಂಡಾಕಿ ಅಲ್ಲ. ದಿನಾಂಕ ಹಾಕಿ, ಸಹಿ ಮಾಡಿ ಒಟ್ಟು ನಲವತ್ಮೂರು ಕೊಟ್ಟೆ. ನಮ್ಮ ಅಂಗಳದಾಗ ಕಾಲಿಡಲಿಕ್ಕೆ ಜಾಗಾ ಉಳೀಲಿಲ್ಲ. ತುಳಸಿ ಪೂಜಾಕ್ಕ ನಾ ದಿನಾ ನಾಲ್ಕು ಹೊರಸು, ಎರಡು ನೇಗಿಲು ದಾಟಿ ಹೋಗಬೇಕಾತು.

ಸುಶೀಂದ್ರ ಮಾತ್ರ ಕಟ್ಟಿ ಮ್ಯಾಲೆ ಕೂತು, "ನೋಡಿದ್ಯಾ ಅಕ್ಕಾ, ತಗಡಿನ ಬೋರ್ಡಿಗೆ ಇದು ಆಗ್ತಿತ್ತೇನು?" ಅಂತಿದ್ದ. ಆಗ್ತಿರಲಿಲ್ಲ, ಖರೆ.

ಹದಿನೈದನೇ ದಿನಾ ಅರಣ್ಯ ಇಲಾಖೆಯಿಂದ ರಂಜನಾ ಮೇಡಂ ಬಂದರು. ಸಣ್ಣ ವಯಸ್ಸಿನಾಕಿ, ಬಾಳ ಕಡಕ್. ಅಂಗಳದಾಗ ನಿಂತು ಒಂದು ಸುತ್ತು ಕಣ್ಣಾಡಿಸಿದರು.

"ಇಷ್ಟು ಸಾಗವಾನಿ ಕಟಿಗಿ ಎಲ್ಲಿಂದ ಬಂತ್ರಿ?"

"ನಮ್ಮ ಕಾಡಿಂದು," ಅಂದ ಸುಶೀಂದ್ರ, ಎದಿ ಉಬ್ಬಿಸಿ.

"ಕಡೀಲಿಕ್ಕೆ ಪರವಾನಗಿ?"

"ಕಡದವರು ನಾವಲ್ಲ. ಅವರು ವಾಪಸ್ ತಂದಾರ."

"ಯಾರು?"

"ಊರವರು."

"ಕಳ್ಳರು ತಾವ ಆಗಿ ಬಂದು ಕಟಿಗಿ ನಿಮ್ಮ ಮನ್ಯಾಗ ಇಟ್ಟು ಹೋದರು. ಇದನ್ನ ನಾ ವರದಿಯೊಳಗ ಬರೀಬೇಕೇನ್ರಿ?"

"ದಾಖಲೆ ಅದ," ಅಂದು ನನ್ನ ತಮ್ಮ ಒಳಗ ಹೋಗಿ ನನ್ನ ಚೀಟಿಗಳ ನಕಲು ಪುಸ್ತಕ ತಂದು ಅವರ ಕೈಯಾಗ ಕೊಟ್ಟ. ನಲವತ್ಮೂರು ಸಲಾ ಕಟಿಗಿ ಸ್ವೀಕರಿಸೇನಿ ಅಂತ ನನ್ನ ಸಹಿ. ರಂಜನಾ ಮೇಡಂ ಒಂದೊಂದ ಹಾಳಿ ತಿರುವಿ ನೋಡಿ, "ಬಾಯಾರ, ನೀವು ಸರ್ಕಾರಿ ನೌಕರಿ ಮಾಡಿದವರಲ್ಲೇನ್ರಿ?" ಅಂತ ಬಾಳ ಮೆತ್ತಗ ಕೇಳಿದರು. ನನಗ ಭೂಮಿ ಬಾಯಿ ಬಿಟ್ರ ಹೋಗಬೇಕು ಅನಿಸ್ತು.

ಎಲ್ಲಾ ವಿಚಾರಣೆ ಆಗೂತನಕ ಒಂದು ಕಡ್ಡೀನೂ ಅಲ್ಲಾಡಿಸಬಾರದು ಅಂತ ನೋಟೀಸು ಕೊಟ್ರು. ಲಟ್ಟಣಿಗಿಗೂ ನಂಬರ್ ಬಿತ್ತು, ಅದು ಇನ್ನೂ ನಮ್ಮ ಅಂಗಳದಾಗನ ಅದ. ಹೋಗೂ ಮುಂದ ಬಾಗಲದಾಗ ತಿರುಗಿ, "ಅದೆಲ್ಲಾ ಇರಲ್ರಿ. ನಿಮ್ಮ ಕಾಡಿನ ಸುತ್ತ ಹುಲ್ಲು ಎದಿಮಟ ಒಣಗಿ ನಿಂತದ. ಹೋಳಿಗೆ ಹನ್ನೆರಡ ದಿನ ಉಳದಾವ. ಬೆಂಕಿ ಪಟ್ಟಿ ಎಲ್ಲಿ?" ಅಂದರು.

ಪಟ್ಟಿ ಮಾಡೂವರು ಈ ವರ್ಷ ಬಂದಿರಲಿಲ್ಲ.

ವರ್ಷಾ ಈ ಕೆಲಸಾ ಮಾಡೂದು ಸರೋಜವ್ವ ಮತ್ತ ಆಕಿ ಗುಂಪಿನ ಹೆಣ್ಮಕ್ಕಳು, ಹದಿಮೂರು ಮಂದಿ. ಸರೋಜವ್ವ ಹೊಲಾ ಮನಿ ಇದ್ದಾಕಿ, ಐವತ್ತು ದಾಟ್ಯಾವ, ಕುಡಗೋಲು ಹಿಡದ್ರ ಆಕಿ ಹಿಂದ ನೆಲಾ ಕನ್ನಡಿ ಆಗಬೇಕು. ನಾನು, ಸುಶೀಂದ್ರ ಇಬ್ಬರೂ ಆಕಿ ಮನಿಗೆ ಹೋದಿವಿ. ಚಾ ಕೊಟ್ಟಳು, ಚೂಡಾ ಕೊಟ್ಟಳು, "ಈ ಸಲ ನಾವು ಬರಂಗಿಲ್ರಿ" ಅಂದಳು.

"ಯಾಕವಾ?"

"ಹುಳಾ ಆಗಾಕ ನಮಗ ಮನಸಿಲ್ರಿ."

"ಅದು ಕಳ್ಳರಿಗೆ ಬರದದ್ದು. ನಿಮಗಲ್ಲ."

"ಹಂಗಂತ ಕಲ್ಲಿನ್ಯಾಗ ಐತೇನ್ರಿ?"

ಇರಲಿಲ್ಲ. ಸುಶೀಂದ್ರ ಗಂಟಲು ಸರಿ ಮಾಡಿಕೊಂಡು, "ಶಾಸನಾನ ಅದರ ಆಶಯದ ಮ್ಯಾಲಿಂದ ತಿಳಕೋಬೇಕು ಸರೋಜವ್ವ" ಅಂತ ಪಾಠಾ ಸುರು ಮಾಡಿದ.

"ಆಶಯ ನಿಮ್ಮ ತಲ್ಯಾಗ ಐತ್ರಿ ಸರ. ಹುಳಾ ಕಲ್ಲಿನ್ಯಾಗ ಐತಿ," ಅಂದಳಾಕಿ. ಆಮ್ಯಾಲೆ ನನ್ನ ಕಡೆ ಹೊಳ್ಳಿ, "ಎತ್ತಿಸಿದವಗೂ ಐತ್ರಿ ಅದರಾಗ. ನಮ್ಮನ್ನ ಕರಕೊಂಡು ಹೋದ್ರ ನಿಮಗೂ ತಪ್ಪಂಗಿಲ್ಲ. ನಿಮ್ಮ ಸಲುವಾಗಿನೂ ನಾವು ಬರಾಕತ್ತಿಲ್ಲ ಅನ್ಕೋರಿ" ಅಂತ ಸಮಾಧಾನ ಹೇಳಿದಳು. ಇಷ್ಟು ಕಾಳಜಿಗೆ ನಾ ಏನು ಅನ್ನಬೇಕು?

ಕಲ್ಲು ತಗಸೋಣ ಅಂದ್ರು ಚನ್ನವೀರಪ್ಪನವರು. ತಗಿಯೂದು ಯಾರು? ಕದಲಿಸಿದವಗ ಇಮ್ಮಡಿ, ಒಂದು ಲಕ್ಷ ಇಪ್ಪತ್ತು ಸಾವಿರ. ಹುಲ್ಲು ಅನ್ನೂದನ್ನಷ್ಟ ಕೆತ್ತಿ ಅಳಸು ಅಂತ ಹನುಮಂತಪ್ಪಗ ಫೋನ್ ಹಚ್ಚಿದೆ. "ಕೆತ್ತೂ ಮುಂದ ಕಲ್ಲು ಅಲ್ಲಾಡ್ತೈತ್ರಿ, ಅಲ್ಲಾಡಿದ್ರ ಕದಲಿದಂಗ" ಅಂದ. ತಾನ ಕೆತ್ತಿದ ಅಕ್ಷರಕ್ಕ ಹೆದರೂ ಶಿಲ್ಪಿನ್ನ ನಾ ಮೊದಲ ಸಲಾ ನೋಡಿದೆ. ಹಿರೇಕೆರೂರಿನಿಂದ ಬ್ಯಾರೆ ಆಳು ತರಸಿದಿವಿ. ಟೆಂಪೋ ಬಂತು, ಕಲ್ಲಿನ ಮುಂದ ನಿಂತು ಓದಿದರು, ಫೋಟೋ ತಗೊಂಡರು, ಹೊಳ್ಳಿ ಹೋದರು. ಸವಣೂರಿನಿಂದ ಬಂದ ಜೆಸಿಬಿ ಡ್ರೈವರ್ ಒಂದ ಪ್ರಶ್ನೆ ಕೇಳಿದ, "ಕುಡಗೋಲಿಗೆ ಅರವತ್ತು ಸಾವಿರಾದ್ರ ಜೆಸಿಬಿಗೆ ಎಷ್ಟಾಗ್ತೈತ್ರಿ?" ಸುಶೀಂದ್ರ ಲೆಕ್ಕಾ ಹಾಕಲಿಕ್ಕೆ ನಿಂತ. ನಾ ಅವನ ಕೈ ಹಿಡದು ಎಳಕೊಂಡು ಬಂದೆ.

ಒಂದು ದಿನಾ ನಾನ ಕುಡಗೋಲು ಹಿಡದೆ. ಅರವತ್ತಾರು ವರ್ಷದ ಸೊಂಟ. ಮುಂಜಾನಿಂದ ಮಧ್ಯಾಹ್ನತನಕ ಕೊಯ್ದದ್ದು ಒಂದು ಚಾಪಿ ಹಾಸುವಷ್ಟು. ಕಾಡಿನ ಸುತ್ತಳತಿ ಒಂದು ಕಿಲೋಮೀಟರ್ ಮ್ಯಾಲೆ ಅದ. "ನೋಡ್ರಿ, ನನಗೇನರ ಆತೇನು?" ಅಂತ ಮಂದಿಗೆ ಕೇಳಿದ್ರ, "ಅದು ಮುಂದಿನ ಜನ್ಮಕ್ಕಲ್ರಿ ಬಾಯಾರ, ಈಗ ಹೆಂಗ ಕಾಣಬೇಕು?" ಅಂದರು. ಮಾಳಪ್ಪನ ಬೈಕು ಈ ಜನ್ಮದಾಗನ ಬಿತ್ತಲ್ಲ ಅಂದೆ. "ಅದು ಅಡ್ವಾನ್ಸ್" ಅಂದರು.

ಹೋಳಿ ಎಂಟು ದಿನಾ ಉಳೀತು. ಆವಾಗ ಸರೋಜವ್ವನ ಬಂದಳು. ಕಾಡು ಸುಟ್ರ ಆಕಿಗೂ ನಷ್ಟನ, ನಮ್ಮ ಹಳ್ಳದ ನೀರು ಬರೂದು ಆಕಿ ಬಾವಿಗೇನ.

"ಒಂದು ದಾರಿ ಐತ್ರಿ. ನಮ್ಮ ಹದಿಮೂರೂ ಮಂದಿದು ಪಾಪಾ ನೀವು ಟ್ರಸ್ಟಿನವರು ತಗೋರಿ. ನಾಳೆ ಮುಂಜಾನೆ ಬರ್ತೇವಿ."

"ತಗೊಂಡೆವು ಬಿಡವಾ" ಅಂದೆ.

"ಬಾಯಿಮಾತು ಬ್ಯಾಡ್ರಿ. ಬಾಂಡ್ ಪೇಪರ್ ಮ್ಯಾಲೆ."

ಹಂಗಾಗಿ ಎಲ್ಲಾರೂ ತಹಸೀಲ್ದಾರ್ ಕಚೇರಿ ಮುಂದ ನಿಯಾಜ ಸಾಹೇಬರ ಮೇಜಿನ ಮುಂದ ಕೂತಿವಿ. ಸವಣೂರಿನವರು, ಮೂವತ್ತು ವರ್ಷದಿಂದ ಬಾಂಡ್ ಬರ್ಯಾವರು. ಬೇವಿನ ಗಿಡದ ಕೆಳಗ ಕಂಪ್ಯೂಟರ್ ಇಟ್ಟಾರ. ಎಲ್ಲಾ ಕೇಳಿಕೊಂಡು ಮುಖದ ಮ್ಯಾಲೆ ಒಂದು ಗೆರಿ ಸರಸಲಿಲ್ಲ. ಖರೀದಿ, ಬಕ್ಷೀಸು, ಮನಿ ಪಾಲಿನ ವಾಟ್ನಿ, ಎಲ್ಲಾ ಪತ್ರ ಬರದವರು, ಪಾಪಾನೂ ಬರದರು.

"ಹದಿಮೂರು ಮಂದಿ, ತಲಾ ಅರವತ್ತು ಸಾವಿರ. ಒಟ್ಟು ಏಳು ಲಕ್ಷ ಎಂಭತ್ತು ಸಾವಿರ ವರ್ಷ. ಬರಕೊಳ್ಳಾವರು ಯಾರ್ರಿ, ಅಧ್ಯಕ್ಷರೇನು?"

ಸುಶೀಂದ್ರ ಪೆನ್ನು ತಗೊಂಡ. ಅದರ ಟೊಪ್ಪಿಗಿ ತಗದ, ಹಾಕಿದ, ಮತ್ತ ತಗದ. ಆವಾಗ ನನಗ ತಿಳೀತು, ಇಡೀ ಜಿಲ್ಲಾದಾಗ ಆ ಕಲ್ಲಿಗೆ ಎಲ್ಲಾರಕಿಂತ ಹೆಚ್ಚು ಹೆದರಿದಾಂವ ಅದನ್ನ ಬರದಾಂವನ.

"ನಿಯಾಜ ಸಾಹೇಬ್ರ, ಹದಿಮೂರೂ ಮಂದಿಯ ವರ್ಷ ಎಲ್ಲಾ ಒಮ್ಮೆಲೇ ಅನುಭವಿಸೂದೋ, ಒಂದರ ಹಿಂದ ಒಂದೋ?"

"ಕೋರ್ಟಿನ್ಯಾಗ ಒಮ್ಮೆಲೇ ಅಂತ ಬರಸ್ಕೊಬಹುದ್ರಿ. ಮ್ಯಾಲಿನ ಕೋರ್ಟಿನ ಪದ್ಧತಿ ನನಗ ಗೊತ್ತಿಲ್ಲ."

ಸುಶೀಂದ್ರ ಪೆನ್ನು ಕೆಳಗಿಟ್ಟ. ಇವತ್ತು ಅಷ್ಟಮಿ, ಇಂಥಾ ಸಹಿ ಮಾಡಬಾರದು ಅಂದ. ನಾಳೆ ಅ‍ಂದ್ರ ನವಮಿ, ಅದೂ ಬ್ಯಾಡ. ನಾಡಿದ್ದು ಮಠಕ್ಕ ಹೋಗಿ ಆಚಾರ್ಯರನ್ನ ಕೇಳಬೇಕು. ಹಿಂಗ ಹೇಳ್ಕೋತ ಹೇಳ್ಕೋತ ಹುಣ್ಣಿಮಿ ದಾಟಿ ಹೋದ.

ನಾ ಚನ್ನವೀರಪ್ಪನವರ ಕಡೆ ನೋಡಿದೆ. ಅವರು ಕೂಡಲೇ, "ನಮ್ಮ ಧರ್ಮದಾಗ ಪುನರ್ಜನ್ಮ ಅನ್ನೂದ ಇಲ್ರಿ" ಅಂದರು.

"ಬಾಳ ಛಲೋ ಆತಲ್ರಿ. ಜನ್ಮ ಇಲ್ಲ ಅಂದ್ರ ಹುಳಾ ಆಗೂ ಪ್ರಶ್ನೆನ ಇಲ್ಲ. ನೀವ ಸಹಿ ಮಾಡ್ರಿ."

ಅವರು ಮೀಸಿ ಮ್ಯಾಲೆ ಕೈ ಆಡಿಸಿದರು. "ಇಲ್ಲ ಅಂತ ನಂಬೇನ್ರಿ ಬಾಯಾರ. ಬಾಂಡ್ ಮ್ಯಾಲೆ ಬರದು ಕೊಡೂವಷ್ಟು ನಂಬಿಲ್ಲ."

ಬಿಸಲು ಏರಲಿಕ್ಕೆ ಹತ್ತಿತ್ತು. ಹದಿಮೂರು ಮಂದಿ ಹೆಣ್ಮಕ್ಕಳು ಸಾಲಾಗಿ ಕೂತು ಮೂವರು ಟ್ರಸ್ಟಿಗಳ ಮಾರಿ ನೋಡ್ಲಿಕ್ಕೆ ಹತ್ತಿದ್ದರು. ನನಗ ಆ ಸುಟ್ಟ ಹಕ್ಕಿ ನೆನಪಾತು. ಇಬ್ಬರು ಗಂಡಸರ ಮ್ಯಾಲಿನ ಸಿಟ್ಟೂ ಇತ್ತು, ಸುಳ್ಳ ಯಾಕ ಹೇಳ್ಲಿ. "ತರ್ರಿ ಇಲ್ಲೆ" ಅಂದು ಕಾಗದ ಎಳಕೊಂಡು ಸಹಿ ಮಾಡಿದೆ. ಸರೋಜವ್ವ ನಿಯಾಜ ಸಾಹೇಬರ ಕಡಿಂದ ನನ್ನ ಹೆಸರು, ವರ್ಷದ ಲೆಕ್ಕಾ ಎರಡು ಸಲಾ ಓದಿಸಿಕೊಂಡು, ಕಾಗದ ಮಡಿಚಿ ಚೀಲದಾಗ ಇಟ್ಟುಕೊಂಡಳು.

ಐದು ದಿನದಾಗ ಪಟ್ಟಿ ಮುಗೀತು. ಏನು ಕೆಲಸಾ ಅಂತೀರಿ, ಇಪ್ಪತ್ತು ಫೂಟು ಅಂದ್ರ ಇಪ್ಪತ್ನಾಲ್ಕು ಕೊಯ್ದರು. ಪಾಪಾ ಹೆಂಗೂ ಬಾಯಾರದು, ಕೈ ಬಿಚ್ಚಿ ಮಾಡ್ರಿ ಅಂತ ಸರೋಜವ್ವ ಹೇಳೂದು ನನ್ನ ಕಿವಿಗೇ ಬಿತ್ತು. ಒಂದ ಕಡೆ ಮಾತ್ರ ಪಟ್ಟಿ ಆಗಲಿಲ್ಲ. ಆ ಕಲ್ಲಿನ ಸುತ್ತ ಹತ್ತು ಹೆಜ್ಜಿ ಹುಲ್ಲು ಮುಟ್ಟಬ್ಯಾಡ್ರಿ ಅಂತ ಸುಶೀಂದ್ರ ನಿಂತು ತಡದ. ಕುಡಗೋಲು ತಾಗಿ ಕಲ್ಲು ಕದಲಿದ್ರ ಇಮ್ಮಡಿ ಅಲ್ಲೇನು, ಅದಕ್ಕ ಹೆಣ್ಮಕ್ಕಳೂ ಒಪ್ಪಿದರು. ನಾ ಬಾಯಿ ಹರಕೊಂಡೆ, ಯಾರೂ ಕೇಳಲಿಲ್ಲ.

ಹೋಳಿ ಮರುದಿನ ಮಧ್ಯಾಹ್ನ ಎರಡಕ್ಕ ಗಾಯರಾಣಕ್ಕ ಬೆಂಕಿ ಬಿತ್ತು. ಯಾರು ಹಚ್ಚಿದರು ಅಂತ ವರ್ಷದಂಗ ಈ ವರ್ಷಾನೂ ಗೊತ್ತಿಲ್ಲ. ಗಾಳಿ ನಮ್ಮ ಕಡೇನ ಬೀಸ್ತಿತ್ತು. ನಾವು ಹೋಗಿ ಮುಟ್ಟೂದ್ರಾಗ ಬೆಂಕಿ ಪಟ್ಟಿಗೆ ಬಂದಿತ್ತು. ಬಂದದ್ದು ಅಲ್ಲೇ ನಿಂತು, ತಿನ್ನಲಿಕ್ಕೆ ಏನೂ ಸಿಗದ, ಕರ್ರಗಾಗಿ ಸತ್ತು ಹೋತು. ಸರೋಜವ್ವನ ಗುಂಪು ಸುತ್ತೂಕಡೆ ಓಡಾಡಿ ಕಿಡಿ ತುಳೀತಿದ್ದರು. ನನ್ನ ಎದಿ ಒಂದೀಟು ಹಗೂರಾತು.

ಆವಾಗ ಕಲ್ಲಿನ ಹತ್ತಿರ ಹುಲ್ಲು ಹತ್ತಿತು. ಹತ್ತು ಹೆಜ್ಜಿ ಅಂದ್ರ ಬೆಂಕಿಗೆ ಏನು? ಒಂದು ಉಸರು. ಕಲ್ಲಿನ ಹಿಂದ ಬಿದಿರಿನ ಹಿಂಡು, ಅದರ ಹಿಂದ ಇಡೀ ಕಾಡು. ಒಣಾ ಬಿದಿರಿಗೆ ಬೆಂಕಿ ಮುಟ್ಟಿದ್ರ ಮುಗೀತು.

ಬೆಂಕಿ ಬಡೀಲಿಕ್ಕೆ ಹಸೀ ಟೊಂಗಿ ಬೇಕು. ಅಲ್ಲಿ ಇದ್ದ ಗಿಡಾ ಎಲ್ಲಾ ನಮ್ಮ ಕಾಡಿನವ. ಹೆಣ್ಮಕ್ಕಳು ಗಕ್ಕನ ನಿಂತರು, ಬಾಂಡಿನ್ಯಾಗ ಪಟ್ಟಿ ಕೊಯ್ಯೂದಷ್ಟ ಇತ್ತು, ಗಿಡದ ಟೊಂಗಿ ಇರಲಿಲ್ಲ. ಸುಶೀಂದ್ರ ಕಲ್ಲು ನೋಡಿದ, ಬಿದಿರು ನೋಡಿದ. ಆಮ್ಯಾಲೆ ನನ್ನ ತಮ್ಮ, ಇತಿಹಾಸ ವಿಶಾರದ, ಒಂದು ಹೊನ್ನಿ ಗಿಡಕ್ಕ ಜೋತಬಿದ್ದು ತನ್ನ ಗಾತ್ರದ ಟೊಂಗಿ ಲಟಕ್ಕನ ಮುರದು ಬೆಂಕಿಯೊಳಗ ಹೊಕ್ಕ. ಪಂಜಿ ತುದಿ ಹತ್ತಿತು, ಅವಗ ಖಬರಿಲ್ಲ. ಹುಚ್ಚ ಹಿಡದವರಗತೆ ಬಡೀಲಿಕ್ಕೆ ಹತ್ತಿದ. ಅವನನ್ನ ನೋಡಿ ಸರೋಜವ್ವನೂ ಒಂದು ಮುರದಳು. ಆಮ್ಯಾಲೆ ಎಲ್ಲಾರೂ ಮುರದರು, ನಾನೂ ಮುರದೆ. ಹತ್ತು ಮಿನಿಟಿನಾಗ ಬೆಂಕಿ ಆರಿತು. ಬಿದಿರು ಉಳೀತು, ಕಾಡು ಉಳೀತು, ಹದಿನಾರು ಎಕರೆನೂ.

ಸುಶೀಂದ್ರ ಬೂದಿಯೊಳಗ ಕೂತಿದ್ದ. ಕಲ್ಲು ಕರ್ರಗಾಗಿತ್ತು, ಅವನೂ ಕರ್ರಗಾಗಿದ್ದ. ಜನ್ಮದಾಗ ಮೊದಲನೇ ಸಲಾ ನನ್ನ ತಮ್ಮನ ಮ್ಯಾಲೆ ನನಗ ಅಭಿಮಾನ ಅನಿಸ್ತು. ಹೇಳಲಿಲ್ಲ, ಹೇಳಿದ್ರ ಅದನ್ನೂ ಕೆತ್ತಸ್ತಾನ.

ಇಲ್ಲಿಗೆ ಮುಗೀಬೇಕಿತ್ತು. ಮರುದಿನ ಮುಂಜಾನೆ ಹತ್ತು ಗಂಟೆಗೆ ನಿಯಾಜ ಸಾಹೇಬರಿಂದ ಫೋನು. "ಬಾಯಾರ, ಲಗೂ ಬರ್ರಿ. ಹದಿಮೂರೂ ಮಂದಿ ಬಂದು ಕೂತಾರ, ಬಾಂಡ್ ರದ್ದು ಮಾಡ್ರಿ ಅಂತಾರ."

ಹೋದೆ. ಸರೋಜವ್ವನ ಮಾರಿ ಕೆಂಪಾಗಿತ್ತು.

"ನೀವು ಓದಿದವರು ಹಿಂಗ ಮಾಡಬಾರದಾಗಿತ್ತ್ರಿ ಬಾಯಾರ."

"ಏನು ಮಾಡಿದೆ?"

"ಓದ್ರಿ ಸಾಹೇಬ್ರ."

ನಿಯಾಜ ಸಾಹೇಬರು ನನ್ನ ಮಾರಿ ನೋಡದ ಓದಿದರು. ಅವರು ಹಳೇ ಖರೀದಿ ಪತ್ರದ ನಮೂನಿ ತಗೊಂಡು ಬರದಿದ್ದರು. ಅದರ ಕಡೀಕ ವಾಡಿಕೆಯಂಗ ಒಂದು ಸಾಲು ಬಂದುಬಿಟ್ಟಿತ್ತು, ಈ ಕೆಲಸದಿಂದ ಹುಟ್ಟೂ ಪಾಪ ಪುಣ್ಯ, ಲಾಭ ನಷ್ಟ ಎಲ್ಲಾ ಗೋಪಿಕಾಬಾಯಿಯವರಿಗೇ ಸೇರಿದ್ದು, ಬರದು ಕೊಟ್ಟವರಿಗೆ ಯಾವ ಹಕ್ಕೂ ಇಲ್ಲ ಅಂತ.

"ಕಾಡು ಉಳೀತು," ಅಂದಳು ಸರೋಜವ್ವ. "ಎಷ್ಟು ಹಕ್ಕಿ, ಎಷ್ಟು ಮೊಲಾ, ಎಷ್ಟು ಮರಿ ಉಳದಾವ. ಕೊಯ್ದವರು ನಾವು. ಬಿಸಲಾಗ ಬೆನ್ನ ಸುಟಗೊಂಡವರು ನಾವು. ಪುಣ್ಯೇ ಎಲ್ಲಾ ನೀವು ಒಬ್ಬರ ಬರಸಿಕೊಂಡು ಕುಂತೀರಿ."

"ಏಳು ಲಕ್ಷ ಎಂಭತ್ತು ಸಾವಿರ ವರ್ಷ ನಾ ಹುಳಾ ಆಗ್ತೇನಿ ಅಂದಾಗ ಒಬ್ಬರರ ಅಡ್ಡ ಬಂದ್ರೇನವಾ?"

"ಅದು ಬ್ಯಾರೆ ಮಾತ್ರಿ. ಈಗ ಪಾಪಾನೂ ವಾಪಸ್ ಕೊಡ್ರಿ, ನಮ್ಮದು ನಮ್ಮ ಹೆಸರಿಗೆ ಇರಲಿ. ಆದ್ರ ಪುಣ್ಯೇ ಬಿಡಂಗಿಲ್ಲ."

ಹಿಂದಿನಿಂದ ಸುಶೀಂದ್ರ ಮುಂದ ಬಂದ, ಸುಟ್ಟ ಕೈಗೆ ಬ್ಯಾಂಡೇಜ್ ಕಟ್ಟಿದ್ರು. "ನನ್ನದೂ ಒಂದು ಟೊಂಗಿ ಅದ" ಅಂತ ಸಣ್ಣ ದನಿಲೆ ಅಂದ. ಸರೋಜವ್ವ ತನ್ನ ಗುಂಪಿನ ಕೂಡ ಗುಸುಗುಸು ಮಾತಾಡಿ, "ಸರಗ ಒಂದು ಟೊಂಗಿ ಪಾಲು ಹಾಕ್ರಿ, ಹೆಚ್ಚಿಗಿ ಬ್ಯಾಡ" ಅಂತ ಒಪ್ಪಿಗಿ ಕೊಟ್ಟಳು. ಚನ್ನವೀರಪ್ಪನವರು ದೂರ ನಿಂತು ಚಾ ಕುಡೀತಿದ್ದರು, ಅವರನ್ನ ಯಾರೂ ಕೇಳಲಿಲ್ಲ.

ನಿಯಾಜ ಸಾಹೇಬರು ಹೊಸಾ ಕಾಗದ ಹಾಕಿದರು. ಹದಿಮೂರು ಹೆಸರು ಒಂದೊಂದಾಗಿ ಬರಸಲಿಕ್ಕೆ ಹತ್ತಿದಳು ಸರೋಜವ್ವ, ಅಪ್ಪನ ಹೆಸರು, ಊರು ಸಹಿತ. ಎಲ್ಲಾ ಆದ ಮ್ಯಾಲೆ ಬಟ್ಟು ಮೇಜಿಗೆ ಊರಿ, "ಇನ್ನೊಂದು ಬರೀರಿ. ಮುಂದಿನ ವರ್ಷದ ಪಟ್ಟೀನೂ ನಮ್ಮದ, ಅದರ ಮುಂದಿಂದೂ ನಮ್ಮದ. ಬ್ಯಾರೆ ಮಂದಿ ಕುಡಗೋಲು ತಗೊಂಡು ಆ ಕಾಡಿಗೆ ಬರಂಗಿಲ್ಲ. ಟ್ರಸ್ಟಿನವರು ನಡುವ ಬಾಯಿ ಹಾಕಂಗಿಲ್ಲ" ಅಂದಳು.

ಇಂಥಾ ಸೊಕ್ಕಿನ ಮಾತಿಗೆ ಕಾರ್ಯದರ್ಶಿ ಆದಾಕಿ ತಕರಾರು ತಗೀಬೇಕಿತ್ತು. ನಾ ಸಿಟ್ಟಿನ ಮಾರಿ ಮಾಡಿಕೊಂಡೇ, ಎಲ್ಲೆಲ್ಲಿ ಸಹಿ ಮಾಡಬೇಕು ಅಂತ ಕೇಳಿ, ಎಲ್ಲಾ ಹಾಳಿಗೂ ಎರಡೆರಡು ಸಲಾ ಸಹಿ ಮಾಡಿದೆ.